ಮೊದಲ 50 ಗಂಟೆಯ ಮಡಿ

ಪಾಲಿಬೆಟ್ಟದ ಆಸುಪಾಸಿನ ತೋಟಕ್ಕೆ ಹೊಸ ಟ್ರ್ಯಾಕ್ಟರ್ ಬಂತೆಂದರೆ ಅದನ್ನು ಮಡಿಯಲ್ಲಿ ಕೂರಿಸುವವರಿದ್ದಾರೆ. ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಕಾಫಿ ಕಣದ ಮೂಲೆಯಲ್ಲಿ ನಿಲ್ಲಿಸಿ, ಬೆಳಿಗ್ಗೆ ಸಂಜೆ ಸುಮ್ಮನೆ ಸ್ಟಾರ್ಟ್ ಮಾಡಿ ಬಿಡುತ್ತಾರೆ. ಮೀಟರ್‌ನಲ್ಲಿ 50 ಗಂಟೆ ತುಂಬುವವರೆಗೆ ಟ್ರೈಲರ್ ಮುಟ್ಟಿಸುವಂತಿಲ್ಲ. 'ಎಂಜಿನ್ ಸೆಟ್ ಆಗಲಿ' ಎಂಬುದೇ ಮಂತ್ರ. ಈ ಪದ್ಧತಿಗಿರುವ ಮರ್ಯಾದೆ ತೋಟದ ರೈಟರಿಗೂ ಇಲ್ಲ. ಹೊಸ ಎಂಜಿನ್ನನ್ನು ಕತ್ತು ಹಿಡಿದು ದುಡಿಸಬಾರದು ಎಂಬಷ್ಟು ವಿವೇಕ ಅದರಲ್ಲಿದೆ. ಉಳಿದದ್ದೆಲ್ಲ ಮಡಿ, ಕೆಡುಕಾಗುವುದೂ ಅದರಿಂದಲೇ.

ರಿಂಗ್, ಲೈನರ್ ಎಂದರೇನೆಂದು ತೋಟದವರಿಗೆ ಹೇಳಬೇಕಾಗಿಲ್ಲ. 'ಸೆಟ್ ಆಗುವುದು' ಎಂಬ ಮಾತನ್ನು ಮಾತ್ರ ಕೆದಕಬೇಕು. ಹೊಸ ಲೈನರ್‌ನೊಳಗೆ ಟಾರ್ಚ್ ಬಿಟ್ಟು ನೋಡಿ: ಓರೆಗೆರೆಗಳು ಒಂದನ್ನೊಂದು ಕತ್ತರಿಸಿಕೊಂಡು ಚಾಪೆಯ ಹೆಣಿಗೆಯಂತೆ ಕಾಣುತ್ತವೆ. ಆಯಿಲ್ ನಿಲ್ಲುವುದು ಆ ಗೆರೆಗಳ ತಗ್ಗಿನಲ್ಲಿ. ರಿಂಗ್ ಸವೆಸಬೇಕಾದ್ದು ಅವುಗಳ ಏಣನ್ನು. ರಿಂಗ್‌ನ ಸ್ವಂತ ಬಿಗಿ ಅದಕ್ಕೆ ಸಾಲದು. ಡೀಸೆಲ್ ಉರಿದೆದ್ದ ಗ್ಯಾಸ್ ಅದರ ಬೆನ್ನಿಗೆ ನುಗ್ಗಿ ಗೋಡೆಗೆ ಒತ್ತಬೇಕು. ಲೋಡ್ ಇಲ್ಲದಿದ್ದರೆ ಒತ್ತಡವೂ ಕಡಿಮೆ. ಐಡ್ಲಿಂಗ್‌ನಲ್ಲೇ ದಿನ ಕಳೆದ ಎಂಜಿನ್ನಿನಲ್ಲಿ ರಿಂಗ್ ಸರಿಯಾಗಿ ಕೂರುವುದಿಲ್ಲ. ಗೋಡೆಯಲ್ಲುಳಿದ ಆಯಿಲ್ ಬೆಂದು ವಾರ್ನಿಷ್‌ನಂತೆ ಗೆರೆಗಳನ್ನು ಮುಚ್ಚುತ್ತದೆ. ಮೆಕ್ಯಾನಿಕ್‌ಗಳು ಗ್ಲೇಜ್ ಎನ್ನುವುದು ಇದನ್ನೇ. ಆಮೇಲೆ ನೀಲಿ ಹೊಗೆ, ಬ್ರೀದರ್‌ನಲ್ಲಿ ಆವಿ, ಮೇಲಿಂದ ಮೇಲೆ ಆಯಿಲ್ ಟಾಪಪ್. ಅತಿಯಾದರೆ ಬಿಚ್ಚಿ ಹೋನಿಂಗ್ ಮಾಡಿಸಬೇಕು. ಮುದ್ದು ಮಾಡಿ ಕೆಡಿಸುವುದೆಂದರೆ ಇದು.

ಹೂಮಳೆ ಕೈಕೊಟ್ಟ ವರ್ಷ ಈ ಮಡಿ ಒಂದೇ ದಿನಕ್ಕೆ ಮುರಿಯುತ್ತದೆ. ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕಲು ಅದೇ ಹೊಸ ಗಾಡಿಯನ್ನು ಕೆರೆಯ ದಂಡೆಗಿಳಿಸಿ, ಪಿಟಿಒಗೆ ಪಂಪ್ ಕಟ್ಟಿ, ಬೆಳಗಿನವರೆಗೆ ಒಂದೇ ಸ್ಪೀಡಿನಲ್ಲಿ ಓಡಿಸುತ್ತಾರೆ. ಬೇಕಾದ್ದು ಇವೆರಡೂ ಅಲ್ಲ. ಎಂಜಿನ್ ಬಿಸಿಯಾದ ಮೇಲೆ ಅರ್ಧ ಲೋಡಿನ ಟ್ರೈಲರ್, ಒಂದು ಏರು, ಒಂದು ಇಳಿಜಾರು, ಆಗಾಗ ಗೇರು ಬದಲು. ನಮ್ಮ ತೋಟದ ರಸ್ತೆಗಳಿರುವುದೇ ಹಾಗೆ.

ಇನ್ನು ಆಯಿಲ್ ಜಗಳ. ಸಿಂಥೆಟಿಕ್ ಜಾರು ಹೆಚ್ಚು, ರಿಂಗ್ ಕೂರುವುದೇ ಇಲ್ಲ ಎನ್ನುವುದು ಒಂದು ಪಂಗಡ. ಹಾಗಿದ್ದರೆ 1992ರಿಂದ ಕಾರ್ಖಾನೆಯಲ್ಲೇ ಸಿಂಥೆಟಿಕ್ ತುಂಬಿಕೊಂಡು ಹೊರಡುವ ಅಮೆರಿಕದ ಕಾರ್ವೆಟ್ ಕಾರುಗಳು ನೀಲಿ ಹೊಗೆ ಉಗುಳಬೇಕಿತ್ತು. ಅದು ಪೆಟ್ರೋಲ್ ಕಾರು ಎಂಬ ಆಕ್ಷೇಪವನ್ನು ಒಪ್ಪುವೆ. ಜಾರಿನ ವಾದ ಮಾತ್ರ ಆಗಲೇ ಕುಂಟಿತು. ಮೊದಲ ದಿನವೇ 5ಡಬ್ಲ್ಯು ಸಿಂಥೆಟಿಕ್ ಸುರಿಯಿರಿ, ಚಳಿಗೆ ಒಳ್ಳೆಯದು ಎನ್ನುವುದು ಎದುರು ಪಂಗಡ. ಸಾಧಾರಣ 15ಡಬ್ಲ್ಯು-40 ಪಂಪಿಗೆ ಏರುತ್ತದೆಯೇ ಎಂದು ಪರೀಕ್ಷಿಸುವುದೇ ಮೈನಸ್ 25 ಡಿಗ್ರಿಯಲ್ಲಿ! ಪಾಲಿಬೆಟ್ಟದ ಡಿಸೆಂಬರ್‌ಗೆ ಒಂದು ಸ್ವೆಟರ್ ಸಾಕು. ಸಿಂಥೆಟಿಕ್ ಬಿಸಿಗೆ ಹೆಚ್ಚು ತಾಳುತ್ತದೆ, ನಿಜ. ಆ ಗುಣ ಆಮೇಲೆ ಕೆಲಸಕ್ಕೆ ಬರಲಿ.

ಈ ಇಬ್ಬರೂ ಇಳಿಸಿದ ಆಯಿಲ್ ನೋಡಿದವರಲ್ಲ. 50 ಗಂಟೆಯ ಸರ್ವೀಸ್‌ನಲ್ಲಿ ಆ ಕಪ್ಪು ಆಯಿಲ್‌ನೊಳಗೆ ಅಯಸ್ಕಾಂತ ಆಡಿಸಿ. ಬೂದು ಕೆಸರು ಮೀಸೆಯಂತೆ ಹಿಡಿದುಕೊಳ್ಳುತ್ತದೆ. ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದರೆ ಮಿಣುಗುತ್ತದೆ. ಸವೆದ ಏಣೆಲ್ಲ ಅಲ್ಲಿದೆ. ಆ ಕೊಳೆ ಹೊತ್ತು ಫಿಲ್ಟರ್ ಸಮೇತ ಆಚೆ ಹೋಗಲೆಂದೇ ಇರುವ ಮೊದಲ ಆಯಿಲ್‌ಗೆ ದುಬಾರಿ ಸಿಂಥೆಟಿಕ್ ಏಕೆ? ಮಿನರಲ್ ಹಾಕಬೇಕಾದ್ದು ಜಾರಿನ ಭಯಕ್ಕಲ್ಲ, ಜೇಬಿನ ಸಲುವಾಗಿ.

ಇಷ್ಟಾದರೂ ಕಣದಲ್ಲಿ ನಿಲ್ಲಿಸಿಯೇ 50 ತುಂಬಿಸುತ್ತೇವೆ ಎನ್ನುವವರು ಮೀಟರನ್ನಾದರೂ ಗಮನಿಸಲಿ. ಹಳೆಯ ಮಾದರಿಯ ಮೆಕ್ಯಾನಿಕಲ್ ಮೀಟರ್ ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. ಐಡ್ಲಿಂಗ್‌ನಲ್ಲಿ ಅದರ ಒಂದು ಗಂಟೆ ತುಂಬಲು ಗಡಿಯಾರದ ಎರಡು ಗಂಟೆಯೇ ಬೇಕಾದೀತು. ಸುಮ್ಮನೆ ನಿಂತು ಗುಟುರು ಹಾಕಿದ್ದಕ್ಕೆ ಅದು ಪೂರ್ತಿ ಹಾಜರಿ ಕೊಡುವುದಿಲ್ಲ.