ದೀರ್ಘವೊಂದು ಜಾರಿದರೆ

‘ಮೂಲಾವಿದ್ಯಾ’ ಎಂಬ ಪದವನ್ನು ಬಿಡಿಸಿ ನೋಡಿ: ಮೂಲ, ಅವಿದ್ಯಾ. ಮೊಳೆ ಜೋಡಿಸುವವನ ಕೈತಪ್ಪಿ ‘ಲಾ’ ಇರಬೇಕಾದಲ್ಲಿ ‘ಲ’ ಕೂತರೆ ಅವಿದ್ಯೆಯೇ ವಿದ್ಯೆಯಾಗಿಬಿಡುತ್ತದೆ. 1929ರ ‘ಮೂಲಾವಿದ್ಯಾನಿರಾಸ’ದಲ್ಲಿ ವೈ. ಸುಬ್ಬರಾಯರ ವಾದವೆಲ್ಲ ನಿಂತಿರುವುದು ಈ ಪದದ ಮೇಲೆಯೇ. ಮೂಲಾವಿದ್ಯೆ ಎಂಬುದು ಶಂಕರರ ಭಾಷ್ಯದಲ್ಲಿಲ್ಲ, ಆಮೇಲಿನ ವ್ಯಾಖ್ಯಾನಕಾರರು ತಂದು ಸೇರಿಸಿದ್ದು ಎಂಬುದು ಅವರ ನಿಲುವು. ಒಂದು ದೀರ್ಘಕ್ಕೆ ಇಷ್ಟು ತೂಕವಿರುವ ಸಾಹಿತ್ಯದಲ್ಲಿ ಕರಡು ತಿದ್ದುವವನಿಗೂ ಅಚ್ಚಿನ ಮನೆಗೂ ನಡುವೆ ದೂರ ಇರಬಾರದು. ಸಣ್ಣ ಊರಿನ ಪ್ರಕಾಶಕನ ಬೆಲೆಯನ್ನು ಮಾರಾಟದ ಲೆಕ್ಕದಲ್ಲಿ ಹುಡುಕುವ ಬದಲು ಈ ಸಾಮೀಪ್ಯದಲ್ಲಿ ಹುಡುಕಬೇಕು.

ಹಾಸನ ಜಿಲ್ಲೆ ಲೇಖಕರನ್ನು ಹೊರಗೆ ಕಳಿಸಿದ್ದೇ ಹೆಚ್ಚು. ಅರಕಲಗೂಡನ್ನು ಹೆಸರಲ್ಲೇ ಹೊತ್ತ ಅನಕೃ ಬೆಳಗಿದ್ದು ಬೆಂಗಳೂರಿನಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಭೈರಪ್ಪನವರ ಕಾದಂಬರಿಗಳು ಹೊರಬಂದದ್ದೂ ಅಲ್ಲಿಂದಲೇ. 1880ರಲ್ಲಿ ಹುಟ್ಟಿದ ಸುಬ್ಬರಾಯರದು ಎದುರು ದಾರಿ. 1920ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಅವರು 1937ರಲ್ಲಿ ಹೇಮಾವತಿ ದಂಡೆಯ ಹೊಳೆನರಸೀಪುರಕ್ಕೆ ತಂದರು. ಅಚ್ಚುಕೂಟವೂ ಅಲ್ಲೇ ನಡೆಯಿತು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಸೇರಿ ಇನ್ನೂರಕ್ಕೂ ಮಿಕ್ಕಿ ಪುಸ್ತಕಗಳು ಆ ಊರಿನ ಹೆಸರು ಹೊತ್ತು ಹೊರಟವು.

ಇದು ಮಠದ ಕೆಲಸ, ಇದನ್ನು ಪ್ರಕಾಶನವೆನ್ನಬಹುದೇ ಎಂದು ಕೇಳುವವರಿದ್ದಾರೆ. ಸುಬ್ಬರಾಯರು ಸಚ್ಚಿದಾನಂದೇಂದ್ರ ಸರಸ್ವತಿಗಳಾದದ್ದು 1948ರಲ್ಲಿ. ಅದಕ್ಕೂ ಮೊದಲು 28 ವರ್ಷ ಕಾರ್ಯಾಲಯ ನಡೆದಿತ್ತು, 1923ರಿಂದ ಮಾಸಪತ್ರಿಕೆಯೂ ಬರುತ್ತಿತ್ತು. ಬರೆಯುವವನೇ ಅಚ್ಚು ಹಾಕಿಸಿದರೆ ಬೇಡವೆನ್ನುವವರು ಯಾರು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಪಕ್ಷಪಾತ ಇದ್ದದ್ದು ನಿಜ. ಅವರು ತಮ್ಮ ನಿಲುವನ್ನು ಮುಚ್ಚಿಟ್ಟವರೇ ಅಲ್ಲ. ಆದರೆ ಅವರ ಕನ್ನಡ ಭಾಷ್ಯಗಳ ಪುಟ ತೆರೆದು ನೋಡಿ: ಭಾಷ್ಯದ ಮೂಲ, ಅದರ ಅನುವಾದ, ಅಡಿಟಿಪ್ಪಣಿ ಒಟ್ಟಿಗೇ ಸಿಗುತ್ತವೆ. ಪ್ರಕಾಶಕನನ್ನು ಒಪ್ಪದ ಓದುಗನಿಗೆ ಬೇಕಾದ ಸಾಕ್ಷ್ಯವನ್ನು ಪ್ರಕಾಶಕನೇ ಅಚ್ಚು ಹಾಕಿ ಕೊಟ್ಟಂತಾಯಿತು. ಪಕ್ಷಪಾತಿಯಿಂದ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ಕೇಳಲಾಗದು.

ಕೊಳ್ಳುವವರು ಎಷ್ಟು ಜನ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಎರಡು ಉತ್ತರಗಳಿವೆ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು. ಹೊಳೆನರಸೀಪುರದ ಪುಸ್ತಕ ಕೂತಲ್ಲೇ ಕಾದಿತು. 1964ರ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಎ.ಜೆ. ಆಲ್‌ಸ್ಟನ್ನರ ಇಂಗ್ಲಿಷಿನಲ್ಲಿ ಲಂಡನ್ನಿನಿಂದ ಹೊರಬಂದದ್ದು 1989ರಲ್ಲಿ, ಗ್ರಂಥಕರ್ತರು ತೀರಿ 14 ವರ್ಷವಾದ ಮೇಲೆ. ಓದುಗ ತಡವಾಗಿ ಬಂದ. ಬಂದಾಗ ದೀರ್ಘಗಳೆಲ್ಲ ತಮ್ಮ ಜಾಗದಲ್ಲಿದ್ದವು.