ಒಲ್ಲೆ ಬ್ಯಾರೆ, ಬ್ಯಾಡ ಬ್ಯಾರೆ

ಕುಂದಗೋಳದ ಕಡೆ ಪಂಕ್ತಿಯಲ್ಲಿ ಇನ್ನೊಂದು ರೊಟ್ಟಿ ಹಾಕಲು ಬಂದವರಿಗೆ ‘ಬ್ಯಾಡ್ರೀ ಅಕ್ಕಾರ’ ಅಂದರೆ ಹೊಟ್ಟೆ ತುಂಬಿತು ಎಂದೇ ಲೆಕ್ಕ. ‘ನಾ ಒಲ್ಲೆ’ ಅನ್ನುವುದರಲ್ಲಿ ಮನಸ್ಸು ಸೇರಿದೆ. ಹೊಟ್ಟೆ ತುಂಬಿದವರೂ ಹಾಗನ್ನುತ್ತಾರೆ, ನಿಜ. ಆದರೆ ಮುನಿಸಿಕೊಂಡು ಕೂತವರ ಬಾಯಲ್ಲಿ ಮೊದಲು ಬರುವುದು ‘ಒಲ್ಲೆ’. ‘ಒಲ್ಲದ ಗಂಡಗ ಮಸರಾಗ ಕಲ್ಲು’ ಎಂಬ ಗಾದೆಯಲ್ಲಿ ‘ಬೇಡದ’ ಎಂದು ಹಾಕಿ ನೋಡಿ, ಅದರ ಖಾರವೇ ಇಳಿದುಹೋಗುತ್ತದೆ.

ವ್ಯಾಕರಣವೂ ಇದಕ್ಕೆ ತಕ್ಕಂತೆಯೇ ಇದೆ. ‘ಬೇಡ’ಕ್ಕೆ ಚತುರ್ಥಿ ವಿಭಕ್ತಿ ಬೇಕು: ನನಗ ಬ್ಯಾಡ, ನಿನಗ ಬ್ಯಾಡ, ಅವರಿಗೆ ಬ್ಯಾಡ. ಯಾರಿಗಾದರೂ ರೂಪ ಒಂದೇ. ‘ಒಲ್ಲೆ’ಗೆ ಕರ್ತೃ ಬೇಕು: ನಾ ಒಲ್ಲೆ, ನೀ ಒಲ್ಲಿ, ಅಂವಾ ಒಲ್ಲ, ಅಕಿ ಒಲ್ಲಳು, ಅವರು ಒಲ್ಲರು, ಅದು ಒಲ್ಲದು. ‘ಹೋಗಬ್ಯಾಡ’ ಎಂದು ಇನ್ನೊಬ್ಬರನ್ನು ತಡೆಯಬಹುದು. ‘ಒಲ್ಲೆ’ಯಿಂದ ಯಾರನ್ನೂ ತಡೆಯಲಾಗದು, ಅಲ್ಲಿ ನಿರಾಕರಿಸುವವರು ನಾವೇ.

ಒಲವು, ಒಲುಮೆಗಳ ಬಳಗದ್ದೇ ಈ ಪದ. ಕಾಲವನ್ನು ಸೂಚಿಸುವ ಪ್ರತ್ಯಯವಿಲ್ಲದೆ ಧಾತುವಿಗೆ ನೇರವಾಗಿ ಪುರುಷ ಪ್ರತ್ಯಯ ಹಚ್ಚುವುದು ಹಳಗನ್ನಡದ ನಿಷೇಧ ಕ್ರಮ: ಮಾಡೆಂ, ಅರಿಯೆಂ, ಒಲ್ಲೆಂ. ಪಂಪನ ತಾಯಿ ಅಬ್ಬಣಬ್ಬೆಯ ಮನೆತನ ಅಣ್ಣಿಗೇರಿಯದು. 10ನೆಯ ಶತಮಾನದ ಆ ಕವಿ ಬಳಸಿದ ಕ್ರಿಯಾಕ್ರಮ ಇಂದಿಗೂ ಅಣ್ಣಿಗೇರಿ ಸಂತೆಯಲ್ಲಿ ದರ ಒಪ್ಪದವರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದೆ. ನನಗಂತೂ ಇದು ದೊಡ್ಡ ಹೆಮ್ಮೆ.

‘ಒಲ್ಲೆ’ಯ ನಿಜವಾದ ಸೊಗಸು ಇರುವುದು ಬೇರೆ ಕ್ರಿಯಾಪದಕ್ಕೆ ಅಂಟಿಕೊಂಡಾಗ. ಬರ ಒಲ್ಲದು ಎಂಬುದು ಬಾಯಲ್ಲಿ ಸವೆದು ‘ಬರವಲ್ದು’ ಆಯಿತು. ಮಿರಗ (ಮೃಗಶಿರಾ ಮಳೆ ನಕ್ಷತ್ರ) ಕೂಡಿದೆ, ನವಲಗುಂದದ ಎರಿ ಹೊಲ ಹೆಸರು ಬಿತ್ತಲು ಹದವಾಗಿ ಕಾದಿದೆ. ‘ಮಳಿ ಬಂದಿಲ್ಲ’ ಅಂದರೆ ಬರೀ ವರದಿ. ‘ಮಳಿ ಬರೂದಿಲ್ಲ’ ಅಂದರೆ ಆಸೆ ಬಿಟ್ಟ ಮಾತು. ‘ಮಳಿ ಬರವಲ್ದು’ ಅಂದವರು ಇನ್ನೂ ಕಾಯುತ್ತಿದ್ದಾರೆ, ಮಳೆಯೇ ಹಟ ಹಿಡಿದಿದೆ. ಒಲಿ ಹೊತ್ತವಲ್ದು, ಕೂಸು ಉಣ್ಣವಲ್ದು, ಬೋರಿನ ಮೋಟರ್ ಚಾಲು ಆಗವಲ್ದು. ಜೀವವಿಲ್ಲದ್ದಕ್ಕೂ ಇಲ್ಲಿ ಮನಸ್ಸಿದೆ. ಬಾಗಿಲು ತೆರೆಯದಿದ್ದಾಗ ಇಂಗ್ಲಿಷಿನವರು ‘ವೋಂಟ್’ ಅನ್ನುವುದೂ ಇದೇ ಜಾಡು, ಅವರ ‘ವಿಲ್’ ಕೂಡ ಮೂಲದಲ್ಲಿ ಇಚ್ಛೆಯನ್ನು ಹೇಳುವ ಪದವೇ. ಆದರೆ ‘ಬ್ಯಾಡ’ವನ್ನು ಹೀಗೆ ಮಳೆಗೆ, ಒಲೆಗೆ ಹಚ್ಚಲು ಬಾರದು.

ಶಾಲೆಯ ಪಟ್ಟಿಯಲ್ಲಿ ಹುಡುಗರು ‘ಬರವಲ್ದು’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ, ಪಕ್ಕದಲ್ಲಿ ‘ಬರುತ್ತಿಲ್ಲ’ ಎಂಬ ತಿದ್ದುಪಡಿ ಏಳುತ್ತದೆ. ಆ ತಿದ್ದುಪಡಿಯಲ್ಲಿ ಕಾಯುವಿಕೆಯೂ ಇಲ್ಲ, ಹಟವೂ ಇಲ್ಲ. ಗ್ರಂಥಸ್ಥ ರೂಪವೇ ಬೇಕೆಂದರೆ ‘ಬರಲೊಲ್ಲದು’ ಇದ್ದೇ ಇದೆ, ಅಚ್ಚ ಕನ್ನಡ. ಮಾಸ್ತರ್ ಮಂದಿಗೆ, ಅಕ್ಕೋರಿಗೆ ನನ್ನ ವಿನಂತಿ ಇಷ್ಟೇ: ತಿದ್ದುವುದಾದರೆ ಹಾಗೆ ತಿದ್ದಿರಿ, ‘ಒಲ್ಲದು’ ಎಂಬುದನ್ನು ಮಾತ್ರ ಹೊಡೆದುಹಾಕಬೇಡಿರಿ.