ಕರುಳಿನ ಸೂಕ್ಷ್ಮಾಣುಗಳೂ ಅಂಡಾಶಯದ ವಿಕಾರವೂ: ಒಂದು ವಿಮರ್ಶೆ

ಸ್ತ್ರೀಯರ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮಿಗೆ ಕರುಳಿನ ಬ್ಯಾಕ್ಟೀರಿಯವೂ ಕಾರಣವಾಗಬಹುದೆಂದು ಸೂಚಿಸುವ ಚೀನೀ ವಿಜ್ಞಾನಿಗಳ ಪ್ರಬಂಧವೊಂದು 2019ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಗಳ ಕರುಳಿನಲ್ಲಿ ಬ್ಯಾಕ್ಟೀರಾಯ್ಡಿಸ್ ವಲ್ಗೇಟಸ್ ಹೆಚ್ಚಿರುವುದನ್ನೂ ಕೆಲವು ಪಿತ್ತಾಮ್ಲಗಳು ಕುಗ್ಗಿರುವುದನ್ನೂ ಅವರು ಗುರುತಿಸಿದರು. ಅಷ್ಟಕ್ಕೇ ತೃಪ್ತರಾಗದೆ, ರೋಗಿಗಳ ಮಲದಲ್ಲಿನ ಸೂಕ್ಷ್ಮಾಣುಗಳನ್ನು ಇಲಿಗಳಿಗೆ ಸೇರಿಸಿ, ಅವುಗಳಲ್ಲಿಯೂ ಅಂಡಾಶಯದ ವಿಕಾರವೂ ಇನ್ಸುಲಿನ್ ಪ್ರತಿರೋಧವೂ ತಲೆದೋರಿದುದನ್ನು ತೋರಿಸಿದರು. ಪ್ರಬಂಧದ ಹಿರಿಮೆ ಇಲ್ಲಿದೆ. ಮಿತಿಯೂ ಇಲ್ಲಿಯೇ ಇದೆ. ನಾಲ್ಕೈದು ದಿನಗಳ ಋತುಚಕ್ರವುಳ್ಳ ಇಲಿಯಲ್ಲಿ ಸಿದ್ಧವಾದುದು ಸ್ತ್ರೀಯಲ್ಲಿ ಸಾಧ್ಯವೆನಿಸಬಹುದು, ಸಿದ್ಧವೆನಿಸದು. ಸ್ತ್ರೀಯರಿಂದ ದೊರೆತ ಆಧಾರವಾದರೋ ರೋಗಿಗಳಿಗೂ ನಿರೋಗಿಗಳಿಗೂ ನಡುವಣ ಹೋಲಿಕೆ ಮಾತ್ರ. ಸೂಕ್ಷ್ಮಾಣುಗಳು ರೋಗವನ್ನು ತಂದುವೋ, ರೋಗದಲ್ಲಿ ಹೆಚ್ಚುವ ಆಂಡ್ರೊಜೆನ್ನೇ ಸೂಕ್ಷ್ಮಾಣುಗಳನ್ನು ಮಾರ್ಪಡಿಸಿತೋ ಎಂಬುದನ್ನು ಆ ಹೋಲಿಕೆ ನಿರ್ಣಯಿಸಲಾರದು. ಆದುದರಿಂದ ಪ್ರೋಬಯಾಟಿಕ್ ಗುಳಿಗೆಗಳಿಗೆ ಇದನ್ನೇ ಪ್ರಮಾಣವೆಂದು ಒಡ್ಡುವುದು ಸಲ್ಲದು.